ಕಣ್ಣು ಮುಚ್ಚಿ ಹಾಡಿದ ಹಾಡು

"ಕೇಳಿಸ್ತಿಲ್ಲ. ಇನ್ನೂ ಜೋರಾಗಿ."

ಸೀನಿಯರ್‌ಗಳ ತಂಡದ ನಾಯಕ ಓಯಿಕಾವಾ ಗುಡುಗಿದ. ಶಾಲೆಯ ಹಾಲ್‌ನ ಕಿಟಕಿ ಗಾಜು ಅದುರಿತು. ಸಾಲಾಗಿ ನಿಂತಿದ್ದ ಹೊಸ ಮಕ್ಕಳು ಶಾಲೆಯ ಹಾಡನ್ನು ಮತ್ತೆ ಮೊದಲಿಂದ ಶುರು ಮಾಡಿದರು. ಆಗಲೇ ಅವರಲ್ಲೊಬ್ಬಳಾದ ಚಿಹಾರುವಿನ ಕಣ್ಣು ತನ್ನ ಕಾಲ ಮೇಲೆ ಬಿತ್ತು.

ಅವಳ ಕಾಲಲ್ಲಿ ಇದ್ದದ್ದು ಟಾಯ್ಲೆಟ್ಟಿನ ಚಪ್ಪಲಿ.

ಟಾಯ್ಲೆಟ್ಟಿಗೆ ಹೋಗುವಾಗ ಶೂಗಳನ್ನು ಬಾಗಿಲಲ್ಲಿ ಬಿಟ್ಟು, ಒಳಗಿರುವ ಹಸಿರು ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಬರುವಾಗ ಅದನ್ನು ಅಲ್ಲೇ ಬಿಟ್ಟು ಬರಬೇಕು. ಅದು ಬಾಗಿಲು ದಾಟಬಾರದು ಅಂತ ಈ ಊರಿನ ಪುಟ್ಟ ಕೂಸಿಗೂ ಗೊತ್ತು. ಹಾಡಿನ ಪ್ರಾಕ್ಟೀಸಿಗೆ ಎಲ್ಲಿ ತಡವಾಗುತ್ತದೋ ಎಂಬ ಗಾಬರಿಯಲ್ಲಿ ಚಿಹಾರು ಹಾಗೇ ಓಡಿ ಬಂದಿದ್ದಳು.

ಇದು ಅಜ್ಜಂದಿರ ಕಾಲದ ಸರ್ಕಾರಿ ಹೈಸ್ಕೂಲು. ಪ್ರತಿ ಏಪ್ರಿಲ್‌ನಲ್ಲೂ ಶಾಲೆ ಶುರುವಾದಾಗ, ಪಂದ್ಯಗಳಲ್ಲಿ ಆಟಗಾರರನ್ನು ಹುರಿದುಂಬಿಸುವ ತಂಡದ ಸೀನಿಯರ್‌ಗಳು ಹರಿದ ಟೋಪಿ, ತೇಪೆ ಹಾಕಿದ ಕಪ್ಪು ಕೋಟು ತೊಟ್ಟು, ಹೊಸಬರಿಗೆ ಶಾಲೆಯ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಾರೆ. ಆ ಕೋಟು ಹಾಕಿಕೊಂಡವರು ನಗುವಂತಿಲ್ಲ. ತಪ್ಪು ಮಾಡಿದವರನ್ನು ಮುಂದೆ ಕರೆದು ಒಬ್ಬರಿಂದಲೇ ಹಾಡಿಸುತ್ತಾರೆ.

ಅದಾದರೂ ಪರವಾಗಿಲ್ಲ. ಇಲ್ಲಿ ಒಮ್ಮೆ ಅಂಟಿದ ಅಡ್ಡಹೆಸರು ಜನ್ಮಕ್ಕೂ ಬಿಡುವುದಿಲ್ಲ. ಚಿಹಾರುವಿನ ಅಪ್ಪ ಹೊಸಬರಾಗಿದ್ದಾಗ ಇದೇ ಹಾಲ್‌ನಲ್ಲಿ ನಿಂತಲ್ಲೇ ನಿದ್ದೆ ಹೋಗಿದ್ದರಂತೆ. ಮೀನಂಗಡಿಯವರು ಇವತ್ತಿಗೂ ಅವರನ್ನು ಮಾತಾಡಿಸುವುದು, "ಏನಪ್ಪಾ ಗೊರಕೆ, ಆರಾಮಾ?" ಎಂದೇ.

ನನ್ನನ್ನು ಇನ್ನು ಊರೆಲ್ಲ ಏನಂತ ಕರೆಯುತ್ತದೋ ಎಂದುಕೊಂಡಾಗ ಚಿಹಾರುವಿಗೆ ಅಳುವೇ ಬಂತು. ಪಕ್ಕದಲ್ಲಿದ್ದ ಗೆಳತಿ ಸಾಯೊ ಇನ್ನೂ ನೋಡಿರಲಿಲ್ಲ. ಪುಣ್ಯಕ್ಕೆ ಎಲ್ಲರೂ ನೆಟ್ಟಗೆ ಮುಂದೆ ನೋಡಬೇಕೆಂಬ ಆಜ್ಞೆ ಇತ್ತು.

ಓಯಿಕಾವಾ ಸಾಲುಗಳ ನಡುವೆ ನಡೆದು ಬಂದ. ಅವಳ ಮುಂದೆ ನಿಂತ. ಅವನ ಕಣ್ಣು ಮೆಲ್ಲಗೆ ಕೆಳಗಿಳಿದು ಆ ಹಸಿರು ಚಪ್ಪಲಿಯ ಮೇಲೆ ನಿಂತಿತು. ಮೂಗಿನ ಹೊಳ್ಳೆ ಅರಳಿತು, ಗದ್ದ ನಡುಗಿತು.

"ಎಲ್ರೂ ಕಣ್ಮುಚ್ಚಿ," ಓಯಿಕಾವಾ ಕೂಗಿದ. "ಹಾಗೇ ಮೂರನೇ ಹಾಡು ಪೂರ್ತಿ ಹಾಡಿ. ನಾನು ಹೇಳೋ ತನಕ ಯಾರಾದ್ರೂ ಕಣ್ಬಿಟ್ರೋ, ಅಷ್ಟೇ."

ಹಾಡು ಶುರುವಾಯಿತು. ಅವನು ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬೇಗ ಹೋಗಿ ಬದಲಾಯಿಸ್ಕೊಂಡು ಬಾ. ಹಾಡು ಉದ್ದ ಇದೆ, ಹೆದರ್ಬೇಡ."

ಆ ದನಿ ಕೂಗುವ ಓಯಿಕಾವಾನದಲ್ಲ. ಕೂಗಿ ಕೂಗಿ ಒಡೆದುಹೋದ, ನಗು ತಡೆದುಕೊಂಡ ದನಿ.

ಚಿಹಾರು ಚಪ್ಪಲಿ ಕೈಯಲ್ಲಿ ಹಿಡಿದು ಕಾಲುಚೀಲದಲ್ಲೇ ಓಡಿದಳು. ಬಾಗಿಲಲ್ಲಿದ್ದ ಇಬ್ಬರು ಸೀನಿಯರ್‌ಗಳು ಮುಖ ಗಂಟು ಹಾಕಿಕೊಂಡು ಚಾವಣಿ ನೋಡಿದರು. ಅವಳು ಶೂ ಹಾಕಿಕೊಂಡು ವಾಪಸ್ಸು ಬಂದು ನಿಂತಾಗ ಹಾಡಿನ ಕೊನೆಯ ಸಾಲು ಬಾಕಿ ಇತ್ತು. ಎಲ್ಲರಂತೆ ಅವಳೂ ಕಣ್ಣು ಮುಚ್ಚಿದಳು.

"ಕಣ್ಬಿಡಿ."

ಹೊಸಬರಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಅಬ್ಬ, ಜೀವ ಬಂದಂತಾಯಿತು.

ಪ್ರಾಕ್ಟೀಸು ಮುಗಿಸಿ ಹೊರಗೆ ಬರುತ್ತ ಸಾಯೊ ಗೊಣಗಿದಳು. "ಕಣ್ಮುಚ್ಕೊಂಡು ಯಾಕೆ ಹಾಡ್ಬೇಕಿತ್ತೇ? ಆ ಓಯಿಕಾವಾ ಬರೀ ರಾಕ್ಷಸ."

"ಹಂಗೇನಿಲ್ಲ ಕಣೇ," ಎಂದಳು ಚಿಹಾರು.

ಕಾರಿಡಾರಿನ ತುದಿಯಲ್ಲಿ ಓಯಿಕಾವಾ ನಲ್ಲಿಗೆ ಬಾಯಿಟ್ಟು ನೀರು ಕುಡಿದು, ಗಂಟಲು ನೀವಿಕೊಳ್ಳುತ್ತಿದ್ದ. ಇವರನ್ನು ಕಂಡದ್ದೇ ಟೋಪಿ ಸರಿಮಾಡಿಕೊಂಡು ಹುಬ್ಬು ಗಂಟಿಕ್ಕಿದ.

ಸಾಯೊ ಹೆದರಿ ಗೆಳತಿಯ ಹಿಂದೆ ಸರಿದಳು. ಚಿಹಾರು ತಲೆಬಾಗಿ ನಮಸ್ಕರಿಸಿದಳು. ನಾಳೆ ನಾವೇ ಜೋರಾಗಿ ಹಾಡಿಬಿಟ್ಟರೆ ಪಾಪ, ಇವರು ಇಷ್ಟು ಕೂಗಬೇಕಾಗುವುದಿಲ್ಲ ಎಂದುಕೊಂಡಳು.