ತಾತನ ಫಿಯೆಟ್, ಹಿಂದಿನ ಸೀಟು

"ಬಾಗಿಲು ತೆಗೀಬೇಡಿ!"

ಧೃತಿಯ ಕೂಗಿಗೆ, ಫಿಯೆಟ್‌ನ ಹಿಂಬಾಗಿಲಿನ ಹಿಡಿಯ ಮೇಲಿದ್ದ ಕೈಯನ್ನು ಯುವಕ ಥಟ್ಟನೆ ಹಿಂತೆಗೆದುಕೊಂಡ.

"ತಪ್ಪಾತ್ರಿ ಮೇಡಂ... ಒಳಗ ಎಷ್ಟ ತುಕ್ಕ ಹಿಡದೈತಿ ಅಂತ ನೋಡಾಕ..."

"ನೋಡೋದು ಬೇಡ. ಪೂರ್ತಿ ಹೊಸದು ಮಾಡಿ. ಗುದ್ದಿರೋದು, ಗೀಚಿರೋದು, ಹಳೇ ಬಣ್ಣ, ಸೀಟು... ಒಂದೂ ಇರಬಾರದು!"

 ಅವನು ಬಾಗಿಲಿನಿಂದ ದೂರ ಸರಿದು ನಿಂತ. 

ಅವನು ಮುತ್ತುರಾಜ, ಗದಗದ ಕಡೆಯವನು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ, ಇಟ್ಟಮಡುವಿನಲ್ಲಿ ಹಳೆಯ ಕಾರುಗಳ ಸಣ್ಣ ಗ್ಯಾರೇಜು. ಧೃತಿ ಜಯನಗರದವಳು, ಫಿಸಿಯೋಥೆರಪಿಸ್ಟ್. ಮೂರು ತಿಂಗಳ ಹಿಂದೆ ತೀರಿಕೊಂಡ ಅಜ್ಜಿ ಚೂಡಾಮಣಿ ವಿಲ್ಲಿನಲ್ಲಿ ಬರೆದಿದ್ದರು: ಕಾರು ಧೃತಿಗೆ.

ಇಪ್ಪತ್ತು ವರ್ಷದಿಂದ ಮನೆಯ ಶೆಡ್ಡಿನಲ್ಲೇ ನಿಂತಿದ್ದ ಕಾರು. ತಾತ ಅನಂತಪದ್ಮನಾಭ ಸತ್ತದ್ದು ಅದರಲ್ಲೇ. ಕನಕಪುರ ರಸ್ತೆಯಲ್ಲಿ ಮರಕ್ಕೆ ಗುದ್ದಿ.

'ನನಗೇ ಯಾಕೆ ಕೊಟ್ಟೆ ಅಜ್ಜಿ? ನಿನಗೆ... ಗೊತ್ತಿತ್ತಾ?'

ಕಾರನ್ನು ಇಟ್ಟಮಡುವಿಗೆ ಎಳೆದುಕೊಂಡು ಹೋದ ಮೇಲೆ, ಮೊದಲ ಶನಿವಾರವೇ ಧೃತಿ ಅಲ್ಲಿಗೆ ಹೋದಳು.

"ಬಣ್ಣ ಯಾವಾಗ?"

"ಮೇಡಂ, ಇದು ಕಾರಿನ ಜೋಡಿನ ಬಂದ ಬಣ್ಣ. ಒಮ್ಮೆ ಕೆರೆದ್ರ ಮತ್ತ ಸಿಗೂದಿಲ್ಲ. ಇದ್ದಂಗ ಉಳಿಸೂಣ್ರಿ. ಓಡೂ ಹಂಗ ಅಷ್ಟ ಮಾಡಿಕೊಡ್ತೀನಿ."

"ಇದು ನನ್ನ ಕಾರು!"

"ಹೌದ್ರಿ. ಅದಕ್ಕ ಅವಸರ ಬ್ಯಾಡ ಅನ್ನೂದು. ಮೊದ್ಲ ಕೆಳಗ ಏನೇನ ಆಗೇತಿ ನೋಡ್ತೀನಿ. ಆಮ್ಯಾಲ ಬಣ್ಣದ ಮಾತು."

ಕಾರನ್ನು ವಾಪಸ್ ತಂದುಬಿಡಬೇಕು ಎಂದುಕೊಂಡಳು ಅವಳು. ಆದರೆ ಮುಂದಿನ ಶನಿವಾರ ಹೋದಾಗ, ಕಾರಿನ ಗುದ್ದಿದ ಮೂತಿ ಗೋಡೆಯ ಕಡೆಗೆ ತಿರುಗಿತ್ತು. ಅವಳಿಗೆ ಕಾಣದಂತೆ! ಹೊಂಗೆ ಮರದ ಕೆಳಗೆ ಒಂದು ಸ್ಟೂಲು, ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ಗಿರ್ಮಿಟ್.

"ಖಾರ ಆತೇನ್ರಿ?"

"ಸ್ವಲ್ಪ..." ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಎಷ್ಟು ದಿನದ ಮೇಲೆ!

ಶನಿವಾರಗಳು ಹೀಗೇ ಕಳೆದವು. ತಾತ ಆ ಕಾರಿನಲ್ಲೇ ಸತ್ತದ್ದನ್ನು ಮಾತ್ರ ಅವನಿಗೆ ಹೇಳಿದ್ದಳು. ಅವನನ್ನು ನೋಡುವ ಆಸೆ ಬೆಳೆದಷ್ಟೂ ಅವಳ ಹೆದರಿಕೆಯೂ ಬೆಳೆಯಿತು.

'ನಾನು ಮಾಡಿದ್ದು ಗೊತ್ತಾದರೆ... ಇವನು ಮತ್ತೆ ನನ್ನನ್ನು ಹೀಗೆ ನೋಡ್ತಾನಾ?'

ಐದನೇ ಶನಿವಾರ ಮುತ್ತುರಾಜ ಕಾರಿನ ಅಡಿಯಿಂದ ಹೊರಬಂದ. ಮುಖ ಗಂಭೀರವಾಗಿತ್ತು.

"ಮೇಡಂ... ಆ ದಿನ ತಾತಾರ ಜೋಡಿ ಕಾರಿನ್ಯಾಗ ಯಾರಿದ್ರು?"

ಧೃತಿ ದಿಗ್ಗನೆ ಎದ್ದಳು. ಸ್ಟೂಲು ಉರುಳಿತು. ಅವಳು ಹಿಂದಿರುಗಿ ನೋಡದೆ ಓಡಿ, ಸಿಕ್ಕ ಆಟೋ ಹತ್ತಿದಳು.

ಸಂಜೆ ಅವನಿಗೆ ಮೆಸೇಜ್ ಬಂತು. 'ಕಾರನ್ನ ಗುಜರಿಗೆ ಹಾಕಿ. ಫೋನ್ ಮಾಡಬೇಡಿ.'

'ಗ್ಯಾರೇಜಿನವ ಸಲಿಗೆ ಬೆಳಸಿದ ಅಂತ ಸಿಟ್ಟಾಗ್ಯಾರ,' ಎಂದುಕೊಂಡ ಮುತ್ತುರಾಜ. ಎರಡು ದಿನ ಅವನು ಫಿಯೆಟ್ ಮುಟ್ಟಲಿಲ್ಲ. ಮೂರನೇ ದಿನ ಬರೆದ: 'ಗುಜರಿಗೆ ಹಾಕಾಕ ಆಗೂದಿಲ್ರಿ. ನಿಮಗ ಒಂದು ತೋರಸ್ಬೇಕು. ಆಮ್ಯಾಲ ಬೇಕಾದ್ರ ನನ್ನ ಮುಖ ನೋಡಬ್ಯಾಡ್ರಿ.'

ಧೃತಿ ಮೆಸೇಜನ್ನು ಮತ್ತೊಮ್ಮೆ ಓದಿದಳು. ಅವನಿಗೆ ಗೊತ್ತಾಗಿಬಿಟ್ಟಿದೆ! ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ತಾನೇ ಹೇಳಿಬಿಡುವುದು ಮೇಲು...

ಗ್ಯಾರೇಜಿಗೆ ಬಂದವಳು ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ನಾನೇ ಇದ್ದೆ! ಹಿಂದಿನ ಸೀಟಲ್ಲಿ. ಎಂಟು ವರ್ಷ ನನಗೆ. ವಸಂತಪುರದ ದೇವಸ್ಥಾನದಿಂದ ವಾಪಸ್ ಬರ್ತಿದ್ವಿ. ಆಟಕ್ಕೆ... ಆಟಕ್ಕೆ ಅಂತ ತಾತನ ಕಣ್ಣು ಮುಚ್ಚಿದೆ. ಆಮೇಲೆ ಮರ... ಯಾರಿಗೂ ಹೇಳಿಲ್ಲ. ನಾನೇ ಕೊಂದೆ ಮುತ್ತುರಾಜ್!"

 ಅವನು ಟಾರ್ಚು ಹಿಡಿದು ಕಾರಿನ ಪಕ್ಕ ಮಂಡಿಯೂರಿದ.

"ಬರ್ರಿ. ಇಲ್ಲಿ ನೋಡ್ರಿ."

ಅವಳು ಹಲ್ಲು ಕಚ್ಚಿಕೊಂಡು ಬಗ್ಗಿದಳು.

"ಸ್ಟೇರಿಂಗನ್ನ ಗಾಲಿಗೆ ಸೇರಿಸೂ ರಾಡ್ ಇದು. ಕಳಚಿ ಬಿದ್ದೈತಿ. ಇಲ್ಲಿ ನಟ್ ಬಿಗಿದು ಪಿನ್ ಹಾಕ್ಬೇಕಿತ್ತು, ರಿಪೇರಿ ಮಾಡಿದವ್ರು ಪಿನ್ ಹಾಕಿಲ್ಲ. ನಟ್ ತಾನ ಸಡಿಲಾಗಿ ಉದುರೇತಿ. ಗುದ್ದಿದಾಗ ಕಿತ್ತಿದ್ರ ಈ ಮರೆ, ನಟ್ ತಿರುಗೂ ಗೆರಿ, ಹರದು ಹೋಗಿರ್ತಿತ್ತು. ಹೊಸದರಂಗ ಐತಿ ನೋಡ್ರಿ."

"ಸಮಾಧಾನಕ್ಕೆ ಹೇಳ್ತಿದ್ದೀರಾ?"

"ಬ್ಯಾರೆ ಮೆಕ್ಯಾನಿಕ್ ಕರದು ತೋರಸ್ರಿ. ಅದಕ್ಕಂತ ಕೈ ಹಚ್ಚದ ಇಟ್ಟೀನಿ. ನೀವಂದಂಗ ಎಲ್ಲಾ ಹೊಸದ ಹಾಕಿದ್ರ ಇದು ಗುಜರಿ ಸೇರಿರ್ತಿತ್ತು. ಅವತ್ತು ಯಾರರ ಬದುಕಿದ್ರ, ಸ್ಟೇರಿಂಗ್ ತಿರುಗಲಿಲ್ಲ ಅನ್ನೂದು ಅವರಿಗೆ ನೆನಪಿರ್ತೈತಿ ಅಂತ ಕೇಳಿದೆ..."

ತಿರುಗಲಿಲ್ಲ...

ಧೃತಿ ನೆಲದ ಮೇಲೇ ಕುಸಿದು ಕೂತಳು. ಇಪ್ಪತ್ತು ವರ್ಷ ಹತ್ತಿರ ಸೇರಿಸದ ಆ ಗಳಿಗೆ ಎದುರು ಬಂದು ನಿಂತಿತು.

"ತಾತ ನನ್ನ ಕೈ ಬಿಡಿಸಿದ್ರು... ನಕ್ಕರು ಕೂಡ! ಆಮೇಲೆ... ಆಮೇಲೇನೇ 'ತಿರುಗ್ತಾ ಇಲ್ಲ ಪುಟ್ಟಿ, ಬಗ್ಗಿಕೋ!' ಅಂತ ಕೂಗಿದ್ರು. ನಾನು ಬಗ್ಗಿದೆ ಮುತ್ತುರಾಜ್... ಅದಕ್ಕೇ ಬದುಕಿದ್ದೀನಿ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಗ್ರೀಸ್ ಅಂಟಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಂಜುತ್ತಲೇ ಅವಳ ಭುಜದ ಮೇಲಿಟ್ಟ. ಅವಳು ಸರಿಯಲಿಲ್ಲ.

ಅಳು ನಿಂತ ಮೇಲೆ ಅವಳೇ ಹೇಳಿದಳು.

"ಬಣ್ಣ ಬೇಡ. ಗುದ್ದಿರೋದೂ ಹಾಗೇ ಇರಲಿ, ತಾತ ನನ್ನ ಉಳಿಸಿದ ಗುರುತು ಅದು. ಸ್ಟೇರಿಂಗು, ಬ್ರೇಕು, ಇಂಜಿನ್ನು ಮಾತ್ರ ಸರಿ ಮಾಡಿ. ಎಷ್ಟು ದಿನ ಆಗುತ್ತೆ?"

ಮುತ್ತುರಾಜ ತಲೆ ತಗ್ಗಿಸಿದ.

"ಎರಡು ವಾರ ಸಾಕ್ರಿ. ಆದ್ರ... ಎರಡು ತಿಂಗಳು ಎಳೀಬೇಕಂತ ಮಾಡಿದ್ದೆ."

"ಯಾಕೆ?"

"ನನಗೂ ಹೆದ್ರಿಕಿ ಐತ್ರಿ. ಕೆಲಸ ಮುಗದ್ರ ಶನಿವಾರ ನೀವು ಬರೂದಿಲ್ಲಲ್ಲ... ನೀವಂದ್ರ ನನಗ ಅಷ್ಟ ಜೀವ್ರಿ."

ಧೃತಿ ಎದ್ದಳು. ತಾನೇ ಹಿಂಬಾಗಿಲು ತೆರೆದು, ಆ ಸೀಟಿನ ಮೇಲೆ ಕೂತಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ಇಳೀತೀರೇನ್ರಿ ಮೇಡಂ?"

"ಇಲ್ಲ. ಈ ಮೇಡಂ, ರೀ ಎಲ್ಲಾ ಬಿಡಿ. ನನಗೂ ನೀವಂದ್ರೆ ಜೀವ."

"ಹಂಗಾರ ನೀವೂ 'ಬಿಡಿ' ಅನ್ನೂದು ಬಿಟ್ಟು 'ಬಿಡು' ಅನ್ರಿ."

ಕಣ್ಣು ಮುಚ್ಚಿಕೊಂಡೇ ಅವಳು ನಕ್ಕಳು. ಅವನು ಪಕ್ಕದಲ್ಲಿ ಕೂತು ಅವಳ ಬೆರಳು ಹಿಡಿದ.

"ಹೆದ್ರಬ್ಯಾಡ, ಧೃತಿ."

"ಹೆದರ್ತೀನಿ ಕಣೋ... ನೀನು ಹತ್ರ ಇರು."