ಮಷಿನ್ ಸುಮ್ಮನಿದ್ದ ಒಂದು ಗಂಟೆ

"ಗುಬ್ಬಿ, ನಿಮ್ಮನೇಲಿ ಹೆಲಿಕಾಪ್ಟರ್ ಇಳೀತಿದ್ಯಾ?" ಆನ್‌ಲೈನ್ ಗೇಮ್ ಮಧ್ಯೆ ಕ್ಯಾಪ್ಟನ್ ಕೇಳಿದ. ಟೀಮಿನ ಉಳಿದಿಬ್ಬರು ಬಿದ್ದುಬಿದ್ದು ನಕ್ಕರು.

ಹೆಲಿಕಾಪ್ಟರ್ ಎಲ್ಲಿಂದ ಬರಬೇಕು? ಇರುವುದೇ ಒಂದು ಕೋಣೆ. ಆ ಮೂಲೆಯಲ್ಲಿ ಅಮ್ಮನ ಹೊಲಿಗೆ ಮಷಿನ್, ಈ ಮೂಲೆಯಲ್ಲಿ ಗುಬ್ಬಿ. ತಲೆಯ ಮೇಲೆ ಚಿಕ್ಕಮ್ಮ ಕೊಡಿಸಿದ ಅಗ್ಗದ ಹೆಡ್‌ಸೆಟ್. ಅದರ ಮೈಕಿಗೆ ಊರ ಉಸಾಬರಿಯೆಲ್ಲ ಬೇಕು. ಗುಬ್ಬಿಯ ಮಾತಿನ ಜೊತೆ ಮಷಿನ್ನಿನ ಗರಗರವನ್ನೂ ಹೊತ್ತುಕೊಂಡು ಹೋಗುತ್ತಿತ್ತು.

"ನೀನು ಹೇಳೋದೇ ಕೇಳಿಸಲ್ಲ ಕಣೇ. ನಾಳೆನೂ ಹೀಗಾದ್ರೆ ಬೇರೆಯವರನ್ನ ಸೇರಿಸ್ಕೋತೀವಿ."

ಗುಬ್ಬಿ ಹೆಡ್‌ಸೆಟ್ ತೆಗೆದು ಮಂಚದ ಮೇಲೆ ಎಸೆದಳು. "ಡಬ್ಬಾ ಹೆಡ್‌ಸೆಟ್. ಇದರಿಂದ ನನ್ನನ್ನ ಟೀಮಿಂದಾನೇ ತೆಗೀತಾರಂತೆ."

ಶಾಲೆ ಶುರುವಾಗಲು ಹತ್ತೇ ದಿನ. ಅಮ್ಮನ ಪಕ್ಕ ಯೂನಿಫಾರ್ಮಿನ ರಾಶಿ ಬಿದ್ದಿತ್ತು. "ಆಟ ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದಳು.

"ದಿನಾ ನಾಲ್ಕರಿಂದ ಐದು."

ಮರುದಿನ ಕ್ಯಾಪ್ಟನ್ನಿಗೇ ಆಶ್ಚರ್ಯ. "ಸೂಪರಾಗಿ ಕೇಳಿಸ್ತಿದೆ. ಹೊಸ ಹೆಡ್‌ಸೆಟ್ಟಾ?"

"ಇಲ್ಲಪ್ಪ, ಅದೇ. ತಾನಾಗೇ ಸರಿಹೋಯ್ತು," ಎಂದು ಗುಬ್ಬಿ ಬೀಗಿದಳು. ಆ ವಾರವೆಲ್ಲ ಟೀಮ್ ಗೆದ್ದಿತು.

ಶನಿವಾರ ಆಟ ಬೇಗ ಮುಗಿಯಿತು. ಗುಬ್ಬಿ ಹೆಡ್‌ಸೆಟ್ಟನ್ನು ಕುತ್ತಿಗೆಗೆ ಇಳಿಸಿದಳು. ಕೋಣೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಅಮ್ಮ ಕಿಟಕಿಯ ಹತ್ತಿರ ಕೂತು ಅಂಗಿಗೆ ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದಳು.

"ಅಮ್ಮಾ, ಮಷಿನ್ ಕೆಟ್ಟಿದ್ಯಾ?"

"ಇಲ್ವಲ್ಲ. ಕೈಹೊಲಿಗೆಯೆಲ್ಲ ನಿನ್ನ ಆಟದ ಹೊತ್ತಿಗೆ ಅಂತ ಎತ್ತಿಡ್ತೀನಿ. ಆಡು, ಇನ್ನೂ ಹತ್ತು ನಿಮಿಷ ಇದೆ."

ಈ ವಾರ ಬೆಳಗ್ಗೆ ಕಾಗೆ ಕೂಗುವ ಮೊದಲೇ ಮಷಿನ್ ಗರಗರ ಅನ್ನುತ್ತಿದ್ದದ್ದು ಯಾಕೆಂದು ಗುಬ್ಬಿಗೆ ಈಗ ಹೊಳೆಯಿತು. ನಿದ್ದೆ ಕೆಡಿಸ್ತೀಯ ಅಂತ ಮುಸುಕೆಳೆದುಕೊಂಡು ಗೊಣಗಿದ್ದಳು ಬೇರೆ. ಅಮ್ಮನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ಗುಬ್ಬಿ, ಇನ್ನೊಂದು ಮ್ಯಾಚ್?" ಹೆಡ್‌ಸೆಟ್ಟಿನಿಂದ ಕ್ಯಾಪ್ಟನ್ನಿನ ದನಿ ಸಣ್ಣಗೆ ಕೇಳಿಸಿತು.

ಗುಬ್ಬಿ ಮೈಕನ್ನು ಬಾಯಿಯ ಹತ್ತಿರ ತಂದಳು. "ಇವತ್ತಿಗೆ ಸಾಕು ಕಣೋ. ನಮ್ಮಮ್ಮ ಹೆಲಿಕಾಪ್ಟರ್ ಹತ್ತಬೇಕು."

ಆಮೇಲೆ ಅಮ್ಮನ ಕೈಯಿಂದ ಸೂಜಿ ತೆಗೆದುಕೊಂಡಳು. "ಗುಂಡಿ ನಾನು ಹಾಕ್ತೀನಿ. ನೀನು ಮಷಿನ್ ಹೊಲಿ, ನಾಳೆ ಸ್ವಲ್ಪ ನಿಧಾನವಾಗಿ ಏಳು."

ಅಮ್ಮ ನಗುತ್ತ ಹೋಗಿ ಪೆಡಲ್ ಮೇಲೆ ಕಾಲಿಟ್ಟಳು.

ಗರಗರ ಸದ್ದು ಕೋಣೆ ತುಂಬಿತು. ಗುಬ್ಬಿ ಹೆಡ್‌ಸೆಟ್ಟನ್ನು ಮೊಳೆಗೆ ನೇತುಹಾಕಿ, ಆ ಸದ್ದು ಕೇಳುತ್ತಲೇ ಮೊದಲ ಗುಂಡಿ ಹೊಲಿದಳು.