ಕೊನೆಯ ಪುಟದ ಪ್ರಶ್ನೆ

"ಸುತ್ತಿಗೆ ಸ್ವಲ್ಪ ನಿಲ್ಲಿಸ್ತೀರಾ? ನಿಮ್ಮ ಸದ್ದಿಗೆ ಈ ಊರಿನ ಎರಡು ಅಂಕ ಹೋಗ್ತಿದೆ."

ಸೂಟ್‌ಕೇಸ್ ರಿಪೇರಿಯವನು ತಲೆ ಎತ್ತಿದ. ಸುತ್ತಲೂ ಹಿಡಿ ಕಿತ್ತ, ಚಕ್ರ ಮುರಿದ ಪೆಟ್ಟಿಗೆಗಳು. ಬಾಗಿಲಲ್ಲಿ ಸದ್ದು ಅಳೆಯುವ ಯಂತ್ರ ಹಿಡಿದು ನಿಂತ ಹುಡುಗಿ.

"ನಮ್ಮೂರು ಯಾವಾಗ ಪರೀಕ್ಷೆಗೆ ಕೂತಿತ್ತು ಮೇಡಂ?" ಎಂದವನೇ ಮುಂದಿನ ಮೊಳೆಗೆ ಬೇಕೆಂದೇ ಇನ್ನೂ ಜೋರಾಗಿ ಹೊಡೆದ.

ಯಂತ್ರದ ಮುಳ್ಳು ಕೊನೆ ಮುಟ್ಟಿತು. ಅವಳ ಸಿಟ್ಟೂ.

ಯಾವ ಊರಿನಲ್ಲಿ ಮನೆ ಮಾಡಿದರೆ ಒಳ್ಳೆಯದು ಎಂದು ಪಟ್ಟಿ ಮಾಡುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಪ್ರತಿ ಊರಲ್ಲೂ ನಲವತ್ತು ದಿನ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಆಸ್ಪತ್ರೆಗೆ ಎಷ್ಟು ದೂರ, ಬೀದಿದೀಪ ಎಷ್ಟು ಉರಿಯುತ್ತವೆ... ಎಲ್ಲ ಬರೆದುಕೊಂಡು ಮುಂದಿನ ಬಸ್ಸು. ಇದು ಒಂಬತ್ತನೆಯ ಊರು.

ಜಗಳವಾಗಿ ವಾರ ಕಳೆಯುವಷ್ಟರಲ್ಲಿ ಅವಳ ಸೂಟ್‌ಕೇಸಿನ ಚಕ್ರವೇ ಮುರಿಯಬೇಕೆ! ಊರಿಗೆಲ್ಲ ಇದ್ದದ್ದು ಅವನದೊಂದೇ ಅಂಗಡಿ. ಮುಖ ಬಿಗಿದುಕೊಂಡೇ ಹೋದಳು.

ನಾಳೆ ಬನ್ನಿ ಎಂದ. ಮರುದಿನವೂ ನಾಳೆ ಎಂದ. ಎಂಟನೆಯ ನಾಳೆಯ ಹೊತ್ತಿಗೆ ಅವಳಿಗೊಂದು ಸ್ಟೂಲು, ಒಂದು ಲೋಟ ಚಹಾ ಖಾಯಂ ಆಗಿಬಿಟ್ಟಿದ್ದವು. ಚಕ್ರ ಹಾಕಲು ಇಷ್ಟು ದಿನ ಬೇಡವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ. ಆದರೂ ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ 'ನಾಳೆ'.

ಮಾತೆಲ್ಲ ಊರುಗಳ ಮೇಲೆ. ದೊಡ್ಡ ನಗರವೇ ಮೇಲು ಎಂಬುದು ಅವಳ ವಾದ. ಅಲ್ಲಿ ಯಾರೂ ಎಲ್ಲಿ ಹೊರಟೆ, ಯಾಕೆ ತಡ ಎಂದು ಕೇಳುವುದಿಲ್ಲ. ಇಲ್ಲಾದರೋ, ಹಾಲಿನಂಗಡಿಯವನಿಗೂ ಅವಳಿಗೆ ನೆಗಡಿಯಾದದ್ದು ಗೊತ್ತು! ಅವನೂ ನಗರದಲ್ಲಿ ಐದು ವರ್ಷ ದುಡಿದು ಬಂದವನೇ. ನಗರವನ್ನು ಅವನು ಬೈಯಲಿಲ್ಲ. ಒಂದನ್ನು ಮಾತ್ರ ಹೇಳಿದ.

"ಒಂದ್ಸಲ ಜ್ವರ ಬಂದು ಮೂರು ದಿನ ಮಲಗಿದ್ದೆ. ಬಾಗಿಲು ತಟ್ಟಿದ್ದು ನೀರಿನ ಮೀಟರ್ ನೋಡೋನು ಒಬ್ಬನೇ. ಅವನೂ ಮೀಟರ್ ಎಲ್ಲಿದೆ ಅಂತ ಕೇಳಿ ಹೋದ."

ನಗುತ್ತಲೇ ಹೇಳಿದ್ದ. ಅವಳಿಗೆ ನಗು ಬರಲಿಲ್ಲ. *ನನ್ನ ಬಾಗಿಲನ್ನು ಯಾರು ತಟ್ಟಿದ್ದಾರೆ...?*

ಮೂವತ್ತೇಳನೆಯ ದಿನ ಅವಳು ಹೋದಾಗ ಸ್ಟೂಲು ಒಳಗಿತ್ತು. ಅವನು ತಲೆ ಎತ್ತಲಿಲ್ಲ. ಕೆಲಸವಿದೆ, ಪೆಟ್ಟಿಗೆ ಮನೆಗೇ ಬರುತ್ತೆ ಎಂದಷ್ಟೇ ಅಂದ. ಮೂವತ್ತೆಂಟನೆಯ ದಿನವೂ ಅದೇ. ತನ್ನಿಂದ ಏನು ತಪ್ಪಾಯಿತೆಂದು ಅವಳು ರೂಮಿನಲ್ಲಿ ಶತಪಥ ಹಾಕಿದಳು. ಕೇಳಲು ಬಿಗುಮಾನ. ಕೇಳದಿರಲು ಸಂಕಟ.

ನಲವತ್ತನೆಯ ಬೆಳಿಗ್ಗೆ ಒಂಬತ್ತೂವರೆಗೆ ಮನೆಯೊಡತಿ ಅಜ್ಜಿ ಸೂಟ್‌ಕೇಸನ್ನು ಉರುಳಿಸಿಕೊಂಡು ಒಳಗೆ ತಂದರು. ಬಸ್ಸು ಹತ್ತಕ್ಕೆ.

"ಎಂಥಾ ಚಕ್ರ ಹಾಕಿದಾನೆ ನೋಡು ಮಗಳೇ, ಬೆಣ್ಣೆ ಹಾಗೆ ಜಾರುತ್ತೆ. ಹಾಕ್ದೋನ ಮುಖ ಮಾತ್ರ ನೋಡೋಹಾಗಿಲ್ಲ."

ತೆರೆದು ನೋಡಿದಳು. ಒಳಗಿನ ಹರಿದ ಜೇಬನ್ನೂ ಹೊಲಿದಿದ್ದ. ಹೊಲಿಯಲು ಹೊರತೆಗೆದ ಕಾಗದಗಳನ್ನು ಜೋಡಿಸಿಟ್ಟಿದ್ದ. ಎಲ್ಲಕ್ಕಿಂತ ಮೇಲೆ, ವರದಿಯ ಕೊನೆಯ ಪುಟ.

*ನೀವೇ ಈ ಊರಿನಲ್ಲಿ ಮನೆ ಮಾಡುವಿರಾ?*

ಕೆಳಗೆ ಅವಳದೇ ಕೈಬರಹ. *ಇಲ್ಲ.*

ಅವನು ಓದಿದ್ದಾನೆ!

ಅಪ್ಪನ ವರ್ಗಾವಣೆಗಳಿಂದ ಏಳು ಶಾಲೆ ಕಂಡವಳು ಅವಳು. ಪ್ರತಿ ಊರಲ್ಲೂ ಗೆಳತಿಯೊಬ್ಬಳು ಸಿಕ್ಕ ಹೊತ್ತಿಗೆ ಸಾಮಾನಿನ ಲಾರಿ ಬಾಗಿಲಿಗೆ ಬರುತ್ತಿತ್ತು. ಅದಕ್ಕೇ ಕೆಲಸಕ್ಕೆ ಸೇರಿದಾಗಿನಿಂದ ಒಂದು ಅಭ್ಯಾಸ. ಹೊಸ ಊರಿನಲ್ಲಿ ಬಸ್ಸಿಂದ ಇಳಿಯುವ ಮೊದಲೇ ಕೊನೆಯ ಪುಟ ತೆಗೆದು 'ಇಲ್ಲ' ಎಂದು ಬರೆದು ಪೆಟ್ಟಿಗೆಯ ಜೇಬಿಗೆ ಸೇರಿಸಿಬಿಡುವುದು. ಆಮೇಲೆ ಮನಸ್ಸು ಎಲ್ಲೂ ಅಂಟಿಕೊಳ್ಳುವಂತಿಲ್ಲ.

ಎಂಟು ಊರುಗಳಲ್ಲಿ ಉಪಾಯ ಫಲಿಸಿತ್ತು...

ಅವಳು ಪುಟ ಹಿಡಿದು ಓಡಿದಳು. ಹಿಂದೆ ಅಜ್ಜಿ, ಬಸ್ ಸ್ಟ್ಯಾಂಡು ಆ ಕಡೆ ಅಲ್ಲ ಕಣೇ ಎಂದು ಕೂಗುತ್ತಿದ್ದರು.

ಅಂಗಡಿಯಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಅವನು ಸುಮ್ಮನೆ ಕೂತಿದ್ದ.

"ಓದಿದ್ರಾ?"

"ಓದಬಾರದಿತ್ತು. ಹೊಲಿಯೋವಾಗ ಕಣ್ಣಿಗೆ ಬಿತ್ತು." ಅವನು ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿದ. "ಇಷ್ಟು ದಿನ ನೋಡಿ ಬರ್ದಿದ್ದೀರಿ. ನಾನೇನ್ ಹೇಳ್ಲಿ? ಬಸ್ಸಿಗೆ ಹೊತ್ತಾಯ್ತು, ಹೋಗಿ."

"ತಾರೀಖು ನೋಡಿ."

ಅವನು ಅಲುಗಲಿಲ್ಲ. ಅವಳು ಪುಟವನ್ನು ಅವನ ಸುತ್ತಿಗೆಯ ಪಕ್ಕ ಇಟ್ಟಳು.

'ಇಲ್ಲ'ದ ಕೆಳಗೆ ಸುತ್ತಿಗೆ ಜಗಳದ ದಿನದ ತಾರೀಖು. ಸಮಯ, ಬೆಳಿಗ್ಗೆ ಏಳು.

"ಜಗಳ ಆಗಿದ್ದು ಹನ್ನೊಂದಕ್ಕಲ್ವಾ..." ಎಂದ ನಿಧಾನವಾಗಿ.

"ಏಳಕ್ಕೆ ನಾನಿನ್ನೂ ಬಸ್ಸಿಂದ ಇಳಿದೇ ಇರ್ಲಿಲ್ಲ. ನಿಮ್ಮೂರಿನ ಒಂದು ಮರಾನೂ ನೋಡಿರ್ಲಿಲ್ಲ. ನಿಮ್ಮನ್ನೂ. ಆಸೆ ಹುಟ್ಟೋಕೆ ಮುಂಚೆನೇ ಬಾಗಿಲು ಹಾಕ್ಕೊಳ್ಳೋದು ನನ್ನ ಚಾಳಿ."

ದೂರದಲ್ಲಿ ಹತ್ತರ ಬಸ್ಸಿನ ಹಾರನ್ ಕೇಳಿತು. ಒಮ್ಮೆ... ಮತ್ತೊಮ್ಮೆ.

ಇಬ್ಬರೂ ಅತ್ತ ತಿರುಗಲಿಲ್ಲ.

ಅವಳು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಎಳೆದುಕೊಂಡಳು. 'ಇಲ್ಲ' ಎಂಬುದರ ಮೇಲೆ ಗೀಟು ಹೊಡೆದು ಪಕ್ಕದಲ್ಲಿ ಬರೆದಳು. *ಹೌದು.*

"ಹೌದು ಅಂತ ಬರೆದೋರು ಆ ಊರಿಗೆ ಅಂಕ ಕೊಡೋಹಾಗಿಲ್ಲ. ಕಂಪನಿ ನಿಯಮ. ನನ್ನ ನಲವತ್ತು ದಿನದ ಕೆಲಸ ಕಸದಬುಟ್ಟಿಗೆ. ಬಹುಶಃ ನಾನೂ."

"ಎರಡು ಅಂಕ ಉಳೀತಲ್ಲ," ಎಂದ. ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿ ನೀರು. "ಚಕ್ರಾನ ಮೊದಲನೇ ದಿನಾನೇ ಸರಿ ಮಾಡಿದ್ದೆ. ನೀವು ಬರೋದು ನಿಂತುಹೋಗುತ್ತೆ ಅಂತ... ನನಗೆ ನೀವು ಬೇಕು."

ಅವನು ಒಳಗಿಟ್ಟಿದ್ದ ಸ್ಟೂಲನ್ನು ತಂದು ಅದರ ಜಾಗದಲ್ಲಿ ಇಟ್ಟ. ಕೂತಳು.

ಅಷ್ಟರಲ್ಲಿ ಅಜ್ಜಿ ಸೂಟ್‌ಕೇಸ್ ಉರುಳಿಸಿಕೊಂಡು ಏದುಸಿರು ಬಿಡುತ್ತ ಬಂದರು. ಸ್ಟೂಲು ನೋಡಿದರು, ಇಬ್ಬರ ಮುಖ ನೋಡಿದರು. ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ಹಿಂದಿರುಗಿದರು.

"ಇದನ್ನ ಈಗ ಎಲ್ಲಿಡ್ಲಿ?" ಎಂದು ಅವನು ಕೇಳಿದ.

"ನಿಮ್ಮನೇಲಿ ಅಟ್ಟ ಇದೆಯಾ?"

"ಇದೆ."

"ಅಲ್ಲಿಡಿ. ಬೇಗ ಕೈಗೆ ಸಿಗಬಾರದು."